ಕೆಟ್ಟಿರುವುದು ಗೀಸರ್ ಅಲ್ಲದಿರಬಹುದು: ಬಾಡಿಗೆ ಮನೆಗಳ ಮಾಲೀಕರಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಬಾಡಿಗೆ ಮನೆಗಳ ಮಾನ್ಯ ಮಾಲೀಕರಿಗೆ,



ದೀಪಾವಳಿ ಕಳೆದು ಬೆಳಗಿನ ಗಾಳಿ ತಣ್ಣಗಾಗುತ್ತಿದ್ದಂತೆ ನಿಮ್ಮ ಫೋನಿಗೆ ಒಂದೇ ಬಗೆಯ ದೂರುಗಳು ಬರತೊಡಗುತ್ತವೆ. ‘ಸರ್, ಗೀಸರ್ ಕೆಲಸ ಮಾಡ್ತಿಲ್ಲ.’ ‘ಮೇಡಂ, ಬಿಸಿನೀರು ಫೋರ್ಸ್ ಆಗಿ ಬರ್ತಿಲ್ಲ.’ ‘ಒಂದ್ಸಲ ಸುಡತ್ತೆ, ಒಂದ್ಸಲ ತಣ್ಣಗೆ ಬರತ್ತೆ.’ ನಿಮ್ಮಲ್ಲಿ ಬಹುತೇಕರು ಸುಮ್ಮನೆ ಕೂರುವುದಿಲ್ಲ, ಎಲೆಕ್ಟ್ರೀಷಿಯನ್‌ಗೆ ಹೇಳಿ ಕಳಿಸುತ್ತೀರಿ. ಆತ ಬಂದು ಥರ್ಮೋಸ್ಟಾಟ್ ಬದಲಿಸುತ್ತಾನೆ, ಇಲ್ಲವೇ ‘ಕಾಯಿಲ್ ಹೋಗಿದೆ’ ಎಂದು ಹೊಸದನ್ನು ಹಾಕುತ್ತಾನೆ. ಒಂದು ವಾರ ಕಳೆಯುವಷ್ಟರಲ್ಲಿ ಅದೇ ದೂರು ಮತ್ತೆ ಬರುತ್ತದೆ. ಆಗ ಹೊಸ ಗೀಸರ್ ಬರುತ್ತದೆ. ದೂರು ಮಾತ್ರ ಹೋಗುವುದಿಲ್ಲ. ಕೊನೆಗೆ ಬಾಡಿಗೆದಾರರೇ ತಕರಾರಿನವರು ಎನ್ನುವ ಅಭಿಪ್ರಾಯ ನಿಮ್ಮಲ್ಲಿ, ಓನರ್ ಕಡಿಮೆ ಬೆಲೆಯ ಮಾಲು ಹಾಕಿಸಿದ್ದಾರೆ ಎನ್ನುವ ಅಭಿಪ್ರಾಯ ಅವರಲ್ಲಿ ಗಟ್ಟಿಯಾಗುತ್ತದೆ. ಎರಡೂ ಸಾಮಾನ್ಯವಾಗಿ ತಪ್ಪು.

ಈ ಪತ್ರವನ್ನು ಬಾಡಿಗೆದಾರರಿಗೋ ಪ್ಲಂಬರುಗಳಿಗೋ ಬರೆಯದೆ ನಿಮಗೇ ಬರೆಯಲು ಕಾರಣವಿದೆ. ಟ್ಯಾಂಕ್ ಎಷ್ಟು ಎತ್ತರದಲ್ಲಿ ಕೂರಬೇಕು, ಟೈಲ್ಸ್ ಹಿಂದೆ ಎಷ್ಟು ಇಂಚಿನ ಪೈಪ್ ಓಡಬೇಕು, ಬಚ್ಚಲಿಗೆ ಯಾವ ವೈರ್ ಎಳೆಯಬೇಕು, ಗೋಡೆಗೆ ಯಾವ ಗೀಸರ್ ನೇತುಹಾಕಬೇಕು ಎಂಬ ನಾಲ್ಕೂ ನಿರ್ಧಾರಗಳು ನಿಮ್ಮವು. ಹನ್ನೊಂದು ತಿಂಗಳ ಕರಾರಿನ ಮೇಲೆ ಬಂದವರು ಗೋಡೆ ಒಡೆಸಲಾರರು. ನಿಮ್ಮಲ್ಲಿ ಅನೇಕರು ನಿವೃತ್ತಿಯ ಹಣವನ್ನೆಲ್ಲ ಸುರಿದು 30×40ರ ಸೈಟಿನಲ್ಲಿ ಮನೆ ಕಟ್ಟಿಸಿದವರು, ಬಾಡಿಗೆಯಲ್ಲೇ ಬದುಕುವವರು ಎಂಬುದೂ ಗೊತ್ತಿದೆ. ಆದ್ದರಿಂದಲೇ ಬೇಡದ ಕಡೆ ಖರ್ಚು ಮಾಡಿಸುವ ರಿಪೇರಿಯನ್ನು ನಿಲ್ಲಿಸಿ, ಬೇಕಾದ ಕಡೆ ಒಮ್ಮೆ ಖರ್ಚು ಮಾಡಿ ಎಂದು ಕೇಳಲು ಈ ಪತ್ರ.

ಮೊದಲು ಎತ್ತರದ ವಿಷಯ. ನಗರದ ಸಾಮಾನ್ಯ ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳಿ: ನೆಲಮಹಡಿ, ಅದರ ಮೇಲೆ ಮೂರು ಮಹಡಿ, ತಾರಸಿಯ ಮೇಲೆ ಕಪ್ಪು ಸಿಂಟೆಕ್ಸ್ ಟ್ಯಾಂಕ್. ನೀರಿನ ಒತ್ತಡ ಹುಟ್ಟುವುದು ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇದೆ ಎನ್ನುವುದರಿಂದಲ್ಲ, ನಲ್ಲಿಗಿಂತ ಅದು ಎಷ್ಟು ಮೇಲಿದೆ ಎನ್ನುವುದರಿಂದ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕನ್ನು ತಾರಸಿಯ ನೆಲದ ಮೇಲೇ ಕೂರಿಸಿದ್ದರೆ, ಕಡೆಯ ಮಹಡಿಯ ಶವರ್ ಏಳು ಅಡಿ ಎತ್ತರದಲ್ಲಿದ್ದರೆ, ಇವೆರಡರ ನಡುವೆ ಉಳಿಯುವುದು ಒಂದು ಮೀಟರಿಗೂ ಕಡಿಮೆ. ಒತ್ತಡದ ಲೆಕ್ಕದಲ್ಲಿ ಅದು 0.1 ಬಾರ್ ಕೂಡ ಅಲ್ಲ. ಅದೇ ಟ್ಯಾಂಕಿನಿಂದ ನೆಲಮಹಡಿಯ ಶವರಿಗೆ ಸುಮಾರು ಒಂದು ಬಾರ್ ಸಿಗುತ್ತದೆ. ಮಾಲೀಕರು ನೆಲಮಹಡಿಯಲ್ಲೋ ಮೊದಲ ಮಹಡಿಯಲ್ಲೋ ಇರುತ್ತಾರೆ. ಒಂದೇ ಅಂಗಡಿಯಿಂದ ಒಂದೇ ದಿನ ತಂದ ಒಂದೇ ಮಾದರಿಯ ಗೀಸರ್ ತಮ್ಮ ಮನೆಯಲ್ಲಿ ಧಾರಾಳವಾಗಿ ನೀರು ಕೊಡುವಾಗ, ಮೇಲಿನವರು ಗೊಣಗುವುದು ಅವರಿಗೆ ಸಹಜವಾಗಿಯೇ ಅರ್ಥವಾಗುವುದಿಲ್ಲ.

ಇದಕ್ಕೆ ಪರಿಹಾರವೂ ಎತ್ತರದಲ್ಲೇ ಇದೆ. ಅದೇ ಟ್ಯಾಂಕನ್ನು ಮೆಟ್ಟಿಲಿನ ಮೇಲಿನ ಹೆಡ್‌ರೂಮಿನ ಚಾವಣಿಗೆ ಏರಿಸಿದರೆ ಎರಡೂವರೆ ಮೀಟರ್ ಹೆಚ್ಚು ಸಿಗುತ್ತದೆ. ಒತ್ತಡ ನಾಲ್ಕು ಪಟ್ಟಿನ ಹತ್ತಿರ ಹೋದರೆ ಹರಿವು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹೊಸದಾಗಿ ಕಟ್ಟಿಸುವವರಿಗೆ ಇದು ಒಂದು ಚಪ್ಪಡಿಯನ್ನು ತುಂಬಿದ ಟ್ಯಾಂಕಿನ ಭಾರ ಹೊರುವಂತೆ ಹಾಕಿಸುವ ಪ್ರಶ್ನೆ ಮಾತ್ರ. ಕಟ್ಟಿ ಮುಗಿಸಿದವರು ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಮಾಡಿಸಬಹುದು. ಆದರೆ ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ ಎಂಬುದನ್ನು ಮರೆಯದೆ, ಎಂಜಿನಿಯರ್ ಒಬ್ಬರನ್ನು ಕೇಳಿಯೇ ಮಾಡಿಸಬೇಕು.

ಎತ್ತರದಿಂದ ಸಿಕ್ಕ ಒತ್ತಡವನ್ನು ದಾರಿಯಲ್ಲಿ ತಿಂದುಹಾಕುವುದು ಪೈಪ್. ಒಂದೇ ಪ್ರಮಾಣದ ನೀರು ಮುಕ್ಕಾಲು ಇಂಚಿನ ಪೈಪಿನಲ್ಲಿ ಹರಿಯುವಾಗ ಆಗುವ ಘರ್ಷಣೆಗಿಂತ ಅರ್ಧ ಇಂಚಿನ ಪೈಪಿನಲ್ಲಿ ಆಗುವುದು ಸುಮಾರು ಏಳು ಪಟ್ಟು ಹೆಚ್ಚು. ಟ್ಯಾಂಕಿನಿಂದಲೇ ಅರ್ಧ ಇಂಚು ಇಳಿಸಿ, ದಾರಿಯಲ್ಲಿ ಎಂಟು ಹತ್ತು ಎಲ್ಬೋ ಹಾಕಿ, ಅದೇ ಲೈನಿನಿಂದ ಅಡುಗೆಮನೆಗೂ ಫ್ಲಷ್ ಟ್ಯಾಂಕಿಗೂ ಕವಲು ಒಡೆದರೆ, ಶವರಿನ ತುದಿಯಲ್ಲಿ ಉಳಿಯುವುದು ಜಿನುಗು. ಹಳೆಯ ಮನೆಗಳಲ್ಲಿ ಜಿಐ ಪೈಪ್ ಒಳಗೆ ತುಕ್ಕು ಕಟ್ಟಿ ತೂತು ಪೆನ್ಸಿಲ್ ಗಾತ್ರಕ್ಕೆ ಇಳಿದಿರುವುದೂ ಉಂಟು. ಇನ್ನು ಟ್ಯಾಂಕಿನ ಬುಡದ ಗೇಟ್ ವಾಲ್ವ್. ಅದರ ಒಳಗಿನ ತಟ್ಟೆ ಕಡ್ಡಿಯಿಂದ ಕಳಚಿ ಬಿದ್ದಿದ್ದರೆ ಮೇಲಿನ ಹಿಡಿಕೆ ಎಷ್ಟು ತಿರುಗಿಸಿದರೂ ವಾಲ್ವ್ ಅರ್ಧ ಮುಚ್ಚಿಯೇ ಇರುತ್ತದೆ. ನೀರು ಉಳಿಸಲೆಂದು ಬೇಕೆಂದೇ ಅದನ್ನು ಅರ್ಧ ಮುಚ್ಚಿಡುವ ಮಾಲೀಕರೂ ಇದ್ದಾರೆ. ನೀರು ಉಳಿಯಬೇಕೆಂಬ ಅವರ ಕಾಳಜಿ ನ್ಯಾಯವಾದದ್ದೇ. ಆದರೆ ಆ ವಾಲ್ವ್ ಮುಚ್ಚಿದರೆ ಕೆಳಗಿನವರ ಬಳಕೆ ಅಷ್ಟಾಗಿ ಕಡಿಮೆಯಾಗುವುದಿಲ್ಲ, ಮೇಲಿನವರ ಸ್ನಾನ ನಿಲ್ಲುತ್ತದೆ. ಉಳಿತಾಯ ನಲ್ಲಿಯ ತುದಿಯಲ್ಲಿ ಆಗಬೇಕು. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟುಗಳಿಗೂ ವಾಣಿಜ್ಯ ಕಟ್ಟಡಗಳಿಗೂ ನಲ್ಲಿಯ ತುದಿಗೆ ಸಿಕ್ಕಿಸುವ ಏರಿಯೇಟರ್ ಕಡ್ಡಾಯ ಮಾಡಿದ್ದು ಇದೇ ತರ್ಕದ ಮೇಲೆ.

ಈಗ ಗೀಸರಿನ ಲೆಕ್ಕಕ್ಕೆ ಬರೋಣ. ಬಾಡಿಗೆ ಮನೆಗಳ ಗೋಡೆಯ ಮೇಲೆ ಹೆಚ್ಚಾಗಿ ಕಾಣುವುದು ಮೂರು ಲೀಟರಿನ, 3 ಕಿಲೋವಾಟಿನ ಇನ್‌ಸ್ಟಂಟ್ ಗೀಸರ್. ಬೆಲೆ ಕಡಿಮೆ, ಜಾಗ ಕಡಿಮೆ, ಸ್ವಿಚ್ ಹಾಕಿದ ಎರಡು ಮೂರು ನಿಮಿಷಕ್ಕೆ ಬಿಸಿನೀರು. ಅದರ ಮಿತಿಯನ್ನು ಮಾತ್ರ ಅಂಗಡಿಯವರು ಹೇಳುವುದಿಲ್ಲ. ಒಂದು ಕಿಲೋವಾಟ್ ವಿದ್ಯುತ್ ಒಂದು ನಿಮಿಷದಲ್ಲಿ ಸುಮಾರು 14 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಬಲ್ಲದು, ಅಷ್ಟೇ. ಇದು ನಿಸರ್ಗದ ನಿಯಮ, ಯಾವ ಕಂಪನಿಯೂ ತಿದ್ದಲಾರದು. ಜನವರಿಯ ಬೆಳಗ್ಗೆ ಟ್ಯಾಂಕಿನ ನೀರು 20 ಡಿಗ್ರಿ ಇದೆ, ಸ್ನಾನಕ್ಕೆ 40 ಡಿಗ್ರಿ ಬೇಕು ಎಂದಿಟ್ಟುಕೊಳ್ಳಿ. 3 ಕಿಲೋವಾಟಿನ ಗೀಸರ್ ನಿರಂತರವಾಗಿ ಕೊಡಬಲ್ಲದ್ದು ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಇಪ್ಪತ್ತು ಲೀಟರಿನ ಬಕೆಟ್ ತುಂಬಲು ಒಂಬತ್ತು ನಿಮಿಷ ಬೇಕು. ಸಾಧಾರಣ ಶವರ್ ಕೇಳುವುದು ನಿಮಿಷಕ್ಕೆ ಎಂಟು, ಹತ್ತು ಲೀಟರ್.

ಒಳಗೆ ಮೊದಲೇ ಕಾದು ಕೂತ ಮೂರು ಲೀಟರ್ ಇರುವುದರಿಂದ ಆರಂಭದಲ್ಲಿ ಎರಡು ಮೂರು ಚೊಂಬು ಚೆನ್ನಾಗಿ ಬಿಸಿ ಬರುತ್ತದೆ, ಆಮೇಲೆ ಉಗುರುಬೆಚ್ಚಗಾಗುತ್ತದೆ. ಬಾಡಿಗೆದಾರರಿಗೆ ಇದು ಕೆಟ್ಟ ಗೀಸರ್‌ನಂತೆ ಕಾಣುತ್ತದೆ. ಅದು ತನ್ನ ಶಕ್ತಿಯಿದ್ದಷ್ಟು ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಮೇ ತಿಂಗಳಲ್ಲಿ ಟ್ಯಾಂಕಿನ ನೀರೇ 30 ಡಿಗ್ರಿಯ ಹತ್ತಿರ ಇರುವಾಗ ಏರಿಸಬೇಕಾದದ್ದು ಹತ್ತೇ ಡಿಗ್ರಿ, ಹರಿವು ಎರಡು ಪಟ್ಟು ಸಿಗುತ್ತದೆ. ಬೇಸಿಗೆಯಲ್ಲಿ ಮನೆ ನೋಡಿ ಬಂದವರು ಚಳಿಗಾಲದಲ್ಲಿ ದೂರು ಹೇಳುವುದು ಇದರಿಂದ.

ಇಲ್ಲಿಗೆ ಎರಡು ದೂರುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ‘ಫೋರ್ಸ್ ಇಲ್ಲ’ ಎಂದು ನೀವು ಒತ್ತಡ ಹೆಚ್ಚಿಸುವ ಪಂಪ್ ಹಾಕಿಸಿದರೆ, ಮೂರು ಕಿಲೋವಾಟಿನ ಗೀಸರ್‌ನಿಂದ ನೀರು ಜೋರಾಗಿ ಬರುತ್ತದೆ ಮತ್ತು ತಣ್ಣಗೆ ಬರುತ್ತದೆ. ಪಂಪಿಗೆ ದುಡ್ಡು ಸುರಿದ ಮೇಲೆ ‘ಬಿಸಿ ಇಲ್ಲ’ ಎಂಬ ಹೊಸ ದೂರು ಶುರುವಾಗುತ್ತದೆ. ತಿರುಗಿಸಿ ನೋಡಿದರೆ, ಹರಿವು ನಿಮಿಷಕ್ಕೆ ಒಂದೇ ಲೀಟರಿಗೆ ಇಳಿದಾಗ ಅದೇ ಗೀಸರ್ ನೀರನ್ನು 40 ಡಿಗ್ರಿಗೂ ಹೆಚ್ಚು ಏರಿಸುತ್ತದೆ. ಎಂದರೆ 20 ಡಿಗ್ರಿಯ ನೀರು 60 ದಾಟಿ ಬರುತ್ತದೆ. ಅಷ್ಟರಲ್ಲಿ ಥರ್ಮೋಸ್ಟಾಟ್ ಕಡಿದುಹಾಕುತ್ತದೆ, ನೀರು ತಣ್ಣಗಾಗುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಒಂದ್ಸಲ ಸುಡತ್ತೆ ಒಂದ್ಸಲ ತಣ್ಣಗೆ ಬರತ್ತೆ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ ಸಣ್ಣ ಹರಿವು. ಥರ್ಮೋಸ್ಟಾಟ್ ಬದಲಿಸಿದರೆ ಅದು ಹೋಗುವುದು ಹೇಗೆ? ಮನೆಯಲ್ಲಿ ಮಕ್ಕಳೋ ವಯಸ್ಸಾದವರೋ ಇದ್ದರೆ ಇದು ಬರೀ ಕಿರಿಕಿರಿಯಲ್ಲ, ಮೈ ಸುಡುವ ಅಪಾಯ.

ಹಾಗಾದರೆ ತೊಂದರೆ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಅದಕ್ಕೆ ದೊಡ್ಡ ಉಪಕರಣ ಬೇಡ. ಬಂಧುಗಳೊಬ್ಬರ ಕಡೆಯ ಮಹಡಿಯ ಮನೆಗೆ ಹಿರಿಯ ಪ್ಲಂಬರ್ ಒಬ್ಬರು ಬಂದಾಗ ನಾನೂ ಅಲ್ಲಿದ್ದೆ. ಅದಕ್ಕೂ ಮೊದಲು ಬಂದವರು ಆ ಗೀಸರಿನ ಥರ್ಮೋಸ್ಟಾಟ್ ಬದಲಿಸಿ ಹೋಗಿದ್ದರು. ಇವರು ಬಚ್ಚಲಿಗೆ ಕಾಲಿಟ್ಟು ಗೀಸರನ್ನು ಕಣ್ಣೆತ್ತಿಯೂ ನೋಡಲಿಲ್ಲ. ‘ಅಮ್ಮ, ಮೊದ್ಲು ಒಂದು ಬಕೆಟ್ ಕೊಡಿ’ ಎಂದರು. ತಣ್ಣೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ಫೋನಿನಲ್ಲಿ ಹೊತ್ತು ನೋಡಿದರು. ಎರಡೂವರೆ ನಿಮಿಷದಲ್ಲಿ ಬಕೆಟ್ ತುಂಬಿತು. ಅದನ್ನು ಚೆಲ್ಲದೆ ಡ್ರಮ್ಮಿಗೆ ಸುರಿದು, ಬಿಸಿನೀರಿನ ನಲ್ಲಿಯ ಕೆಳಗೆ ಇಟ್ಟರು. ಅಷ್ಟೇ ಹೊತ್ತಿನಲ್ಲಿ ಬಕೆಟ್ಟಿನ ಕಾಲುಭಾಗವೂ ಆಗಿರಲಿಲ್ಲ. ‘ಟ್ಯಾಂಕು, ಲೈನು ಎಲ್ಲ ಸರಿ ಐತೆ’ ಎಂದು ಅಲ್ಲಿಗೇ ತೀರ್ಮಾನ ಕೊಟ್ಟರು.

ಆಮೇಲೆ ಎಂಸಿಬಿ ಇಳಿಸಿ, ಆಂಗಲ್ ಕಾಕ್ ಮುಚ್ಚಿ, ಗೀಸರಿಗೆ ನೀರು ಹೋಗುವ ಕನೆಕ್ಷನ್ ಪೈಪನ್ನು ಗೀಸರಿನ ಕಡೆ ಬಿಚ್ಚಿದರು. ಅದರ ಬಾಯಿಯನ್ನು ಬಕೆಟ್ಟಿಗೆ ಹಿಡಿದು ಕಾಕ್ ತೆರೆದರೆ ನೀರು ಧಾರೆಯಾಗಿ ಬಿತ್ತು. ಅಲ್ಲಿಯವರೆಗೂ ದಾರಿ ಸರಿ. ಗೀಸರಿನ ಒಳಬಾಯಿಗೆ ಕೂರಿಸಿದ್ದ ಹಿತ್ತಾಳೆಯ ನಾನ್‌ರಿಟರ್ನ್ ವಾಲ್ವ್ ಬಿಚ್ಚಿ ಬೆಳಕಿಗೆ ಹಿಡಿದರು. ಸ್ಪ್ರಿಂಗಿನ ಸುತ್ತ ಬಿಳಿಯ ಟೆಫ್ಲಾನ್ ಟೇಪಿನ ಎಳೆ, ಅದಕ್ಕೆ ಅಂಟಿಕೊಂಡ ಮರಳಿನ ಕಾಳು. ಗೀಸರ್ ಕೂರಿಸಿದವರು ಚೂಡಿಗೆ ಸುತ್ತಿದ ಟೇಪಿನ ತುದಿ ಒಳಗೆ ಸೇರಿತ್ತು. ಹೊರಬಾಯಿಯ ಪೈಪನ್ನು ಬಿಚ್ಚಿ ನೆಲಕ್ಕೆ ಮೆಲ್ಲಗೆ ಬಡಿದಾಗ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚಕ್ಕೆಗಳು ಉದುರಿದವು. ವಾಲ್ವ್ ತೊಳೆದು, ಹೊರಗಿನ ಪೈಪನ್ನು ಹೊಸದಾಗಿ ಹಾಕಿ, ಬಿಸಿನೀರಿನ ನಲ್ಲಿಯಿಂದ ಗಾಳಿಯಿಲ್ಲದೆ ಒಂದೇ ಸಮ ನೀರು ಬರುವ ತನಕ ಬಿಟ್ಟು, ಆಮೇಲೆಯೇ ಸ್ವಿಚ್ ಹಾಕಿದರು. ‘ಮಿಷಿನ್ ಚೆನ್ನಾಗೇ ಐತೆ, ದಾರಿ ಕಟ್ಕೊಂಡಿತ್ತು’ ಎಂದು ಸಾಮಾನು ಎತ್ತಿಕೊಂಡರು.

ಈ ಕ್ರಮವನ್ನು ಯಾರು ಬೇಕಾದರೂ ಅನುಸರಿಸಬಹುದು. ತಣ್ಣೀರೂ ಸಣ್ಣಗೆ ಬರುತ್ತಿದ್ದರೆ ತೊಂದರೆ ಟ್ಯಾಂಕ್, ವಾಲ್ವ್, ಪೈಪುಗಳಲ್ಲಿದೆ. ಗೀಸರ್ ಮುಟ್ಟುವ ಅಗತ್ಯವೇ ಇಲ್ಲ. ತಣ್ಣೀರು ಜೋರಾಗಿದ್ದು ಬಿಸಿನೀರು ಮಾತ್ರ ಸಣ್ಣಗಿದ್ದರೆ ಆಂಗಲ್ ಕಾಕ್‌ನಿಂದ ನಲ್ಲಿಯವರೆಗಿನ ನಾಲ್ಕೈದು ಅಡಿಯಲ್ಲಿ ಹುಡುಕಬೇಕು. ನಲ್ಲಿಯಲ್ಲಿ ಚೆನ್ನಾಗಿ ಬಂದು ಶವರಿನಲ್ಲಿ ಬರದಿದ್ದರೆ ಶವರಿನ ತೂತುಗಳು ಕಟ್ಟಿಕೊಂಡಿವೆ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ಬೆಚ್ಚನೆ ನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿದರೆ ಬಿಟ್ಟುಕೊಳ್ಳುತ್ತವೆ. ಎರಡೂ ನಲ್ಲಿಯಲ್ಲಿ ನೀರು ಧಾರಾಳವಾಗಿದ್ದು ಬಿಸಿ ಮಾತ್ರ ಸಾಲದಿದ್ದರೆ, ಮೇಲೆ ಹೇಳಿದ ಕಿಲೋವಾಟಿನ ಲೆಕ್ಕ. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಹಠಾತ್ತನೆ ಬಿಸಿನೀರು ನಿಂತಿದ್ದರೆ ಲೈನಿನಲ್ಲಿ ಏರ್ ಸೇರಿದೆ ಎಂದರ್ಥ. ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿಯುವ ಪೈಪುಗಳಲ್ಲಿ ಇದು ಪದೇ ಪದೇ ಆಗುತ್ತದೆ. ಟ್ಯಾಂಕಿನಿಂದ ಇಳಿಯುವ ಲೈನಿಗೆ ವಾಲ್ವ್ ಆದ ಮೇಲೆ ಟ್ಯಾಂಕಿನ ಬಾಯಿಗಿಂತ ಎತ್ತರಕ್ಕೆ ಒಂದು ಗಾಳಿ ಪೈಪ್ ನಿಲ್ಲಿಸಿದರೆ ಬಹುಮಟ್ಟಿಗೆ ತಪ್ಪುತ್ತದೆ.

ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಬಗ್ಗೆ ಒಂದು ಮಾತು. ತಣ್ಣೀರಿನ ಲೈನಿಗೆ ಮಾತ್ರ ಪಂಪಿನ ಒತ್ತಡ ಇದ್ದು, ಬಿಸಿನೀರು ಬರೀ ಟ್ಯಾಂಕಿನ ಎತ್ತರದಿಂದ ಬರುತ್ತಿದ್ದರೆ, ಮಿಕ್ಸರಿನೊಳಗೆ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಹಿಡಿಕೆಯನ್ನು ಎಷ್ಟು ತಿರುಗಿಸಿದರೂ ಬಿಸಿ ಬರುವುದಿಲ್ಲ. ಎರಡೂ ಲೈನುಗಳು ಒಂದೇ ಒತ್ತಡದಲ್ಲಿರಬೇಕು.

ಆ ಪ್ಲಂಬರ್ ಪೈಪಿನಿಂದ ಉದುರಿಸಿದ ಬಿಳಿ ಚಕ್ಕೆಯ ಮೂಲ ನೀರಿನಲ್ಲೇ ಇದೆ. ಕೊಳವೆಬಾವಿಯ ನೀರಿನಲ್ಲಿ ಕರಗಿದ ಸುಣ್ಣದ ಅಂಶ ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕಾಯಿಲಿನ ಮೇಲೂ ಹೊರಬಾಯಿಯ ಸುತ್ತಲೂ ಗಟ್ಟಿಯಾಗುತ್ತದೆ. ಕುಡಿಯುವ ನೀರಿಗೆ ಐಎಸ್ 10500 ಮಾನದಂಡ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ನಗರದ ಅಂಚಿನ ಬಡಾವಣೆಗಳ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಎಷ್ಟು ಗಡಸು ಎಂಬುದಕ್ಕೆ ಅಲ್ಲಿನ ನಲ್ಲಿಗಳ ಬಿಳಿ ಕಲೆಯೇ ಸಾಕ್ಷಿ. ಕಾವೇರಿ ನೀರು ಅದಕ್ಕಿಂತ ಎಷ್ಟೋ ಮೆದು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯ ಸೇರ್ಪಡೆಯಾಯಿತು. ನಿಮ್ಮ ಬೀದಿಗೆ ಆ ಕೊಳವೆ ಬಂದಿದ್ದರೆ ಸಂಪರ್ಕ ಪಡೆಯಲು ದಯವಿಟ್ಟು ತಡಮಾಡಬೇಡಿ. ಅದು ಗೀಸರಿನ ಆಯುಸ್ಸನ್ನೂ ಉಳಿಸುತ್ತದೆ. ಆದರೆ ಆ ಲೈನಿಗೆ ನೇರವಾಗಿ ಮೋಟರ್ ಹಾಕಿ ಎಳೆಯಬೇಡಿ. ಅದು ನಿಯಮಕ್ಕೆ ವಿರುದ್ಧ, ಪಕ್ಕದ ಮನೆಯವರ ನೀರನ್ನು ಕಿತ್ತುಕೊಂಡಂತೆ. ಸಂಪಿಗೆ ಬಂದ ನೀರನ್ನು ಮೇಲೆತ್ತಿ. ಬೋರ್‌ವೆಲ್ ನೀರೇ ಗತಿಯಾದರೆ ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ತಿಳಿದವರಿಂದ ಗೀಸರ್ ಬಿಚ್ಚಿಸಿ ಚಕ್ಕೆ ತೆಗೆಸಿ. ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಗೀಸರಿನೊಳಗೆ ಸುರಿಯುವ ಕೆಲಸಗಾರರಿದ್ದಾರೆ. ಬಿಡಬೇಡಿ, ಅದು ಸುಣ್ಣದ ಜೊತೆಗೆ ತಾಮ್ರವನ್ನೂ ತಿನ್ನುತ್ತದೆ.

ವಿದೇಶದಲ್ಲಿರುವ ಮಕ್ಕಳ ಮಾತು ಕೇಳಿ ಒಳಗೆ ಟ್ಯಾಂಕೇ ಇಲ್ಲದ ಗೀಸರ್ ತರಿಸುವ ಮಾಲೀಕರೂ ಈಚೆಗೆ ಕಾಣುತ್ತಾರೆ. ಅಮೆರಿಕದ ಮನೆಗಳಲ್ಲಿ ಅಂಥ ಯಂತ್ರ ಇಡೀ ಮನೆಗೆ ಬಿಸಿನೀರು ಕೊಡುವುದು ನಿಜ. ಆದರೆ ಅದರ ಶಕ್ತಿ 27 ಕಿಲೋವಾಟ್ ಇರಬಹುದು. 240 ವೋಲ್ಟಿನಲ್ಲಿ ಅದು ಎಳೆಯುವ ವಿದ್ಯುತ್ 112 ಆಂಪಿಯರ್. ನಮ್ಮ ಬಾಡಿಗೆ ಮನೆಯೊಂದರ ಮಂಜೂರಾದ ಲೋಡ್ ಮೂರೋ ಐದೋ ಕಿಲೋವಾಟ್. ಇನ್ನೊಂದು ತೊಡಕೂ ಇದೆ. ಇಂಥ ಯಂತ್ರದೊಳಗೆ ಹರಿವನ್ನು ಗುರುತಿಸುವ ಸ್ವಿಚ್ ಇರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಎರಡು ಲೀಟರ್ ಆಸುಪಾಸು ಹರಿವು ಇಲ್ಲದಿದ್ದರೆ ಅದು ಹೊತ್ತಿಕೊಳ್ಳುವುದೇ ಇಲ್ಲ, ಕಾಯಿಲ್ ಸುಡದಿರಲೆಂದು ಮಾಡಿದ ರಕ್ಷಣೆ ಅದು. ತಾರಸಿಯ ಮೇಲೇ ಟ್ಯಾಂಕ್ ಕೂತ ಕಡೆಯ ಮಹಡಿಯಲ್ಲಿ, ಸಣ್ಣ ತೂತಿನ ಶವರ್ ಹಾಕಿದರೆ ಅಷ್ಟು ಹರಿವೂ ಸಿಗದೆ ಹೊಸ ಯಂತ್ರ ಸುಮ್ಮನೆ ಕೂರುತ್ತದೆ. ಶವರಿನ ತಲೆ ಬಿಚ್ಚಿದಾಗ ಹೊತ್ತಿಕೊಂಡರೆ ತಪ್ಪು ಶವರಿನದು ಎಂದು ತಿಳಿಯುತ್ತದೆ. ಒಳಗೆ ನೀರು ಬರುವ ಬಾಯಲ್ಲಿ ಸಣ್ಣ ಜಾಲರಿ ಇದ್ದರೆ ಅದನ್ನೂ ತೊಳೆದು ನೋಡಬೇಕು. ಹತ್ತು ಹದಿನೈದು ಮಹಡಿಯ ಕಟ್ಟಡಗಳ ಕಷ್ಟ ಇದಕ್ಕೆ ತಿರುಗುಮುರುಗು: ಅಲ್ಲಿ ಕೆಳಗಿನ ಮನೆಗಳಿಗೆ ಒತ್ತಡ ಹೆಚ್ಚು. ಗೀಸರಿನ ಮೇಲೆ ಬರೆದಿರುವ ಬಾರ್ ಮಿತಿಯನ್ನು ನೋಡಿ, ಒತ್ತಡ ತಗ್ಗಿಸುವ ವಾಲ್ವ್ ಇದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ವಿದ್ಯುತ್ತಿನ ಕಡೆಯಿಂದಲೂ ಬಿಸಿ ಸೋರಿಹೋಗುತ್ತದೆ. 3 ಕಿಲೋವಾಟಿನ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಬೆಳಗ್ಗೆ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿ, ತೆಳ್ಳಗಿನ ವೈರಿನಲ್ಲಿ ವೋಲ್ಟೇಜ್ 200ಕ್ಕೆ ಇಳಿದರೆ ಅದೇ ಗೀಸರ್ ಕೊಡುವುದು ಎರಡೂಕಾಲು ಕಿಲೋವಾಟ್ ಮಾತ್ರ. ಕಾಲುಭಾಗ ಬಿಸಿ ಅಲ್ಲೇ ಹೋಯಿತು. ಬಿಸಿ ಸಾಲದೆಂದು 4.5 ಕಿಲೋವಾಟಿನದನ್ನು ತಂದು ಹಳೆಯ ಪಾಯಿಂಟಿಗೇ ಸಿಕ್ಕಿಸುವುದು ಇನ್ನೂ ಅಪಾಯದ ಕೆಲಸ. ಅದು ಸುಮಾರು 20 ಆಂಪಿಯರ್ ಎಳೆಯುತ್ತದೆ, 16 ಆಂಪಿಯರಿನ ಪ್ಲಗ್ ಕರಗುತ್ತದೆ. ಅದಕ್ಕೆ ಬೋರ್ಡಿನಿಂದಲೇ ಪ್ರತ್ಯೇಕ ಲೈನ್, 4 ಚದರ ಮಿಲಿಮೀಟರಿನ ತಾಮ್ರದ ವೈರ್, ತಕ್ಕ ಎಂಸಿಬಿ ಬೇಕು. ಯಾವುದೇ ಗೀಸರ್ ಇರಲಿ, ಅರ್ತಿಂಗ್ ಮತ್ತು ವಿದ್ಯುತ್ ಸೋರಿದರೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಬಚ್ಚಲನ್ನು ಬಾಡಿಗೆಗೆ ಕೊಡಬಾರದು. ಈ ಮಾತಿನಲ್ಲಿ ಸಡಿಲಿಕೆ ಇಲ್ಲ.

ಕಡೆಯದಾಗಿ ಹೇಳಬೇಕಾದ ವಿಷಯ ಎಲ್ಲಕ್ಕಿಂತ ಗಂಭೀರವಾದದ್ದು. ವಿದ್ಯುತ್ ಗೀಸರಿನಿಂದ ನೀರು ಸಾಲದೆ ಬೇಸತ್ತ ಬಾಡಿಗೆದಾರರು ಹಲವು ಸಲ ತಾವೇ ಗ್ಯಾಸ್ ಗೀಸರ್ ತರುತ್ತಾರೆ. ಅದು ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುತ್ತದೆ, ಆಕರ್ಷಣೆ ಅರ್ಥವಾಗುವಂಥದ್ದೇ. ಆದರೆ ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಉರಿದರೆ ಅದು ಆಮ್ಲಜನಕವನ್ನು ತಿಂದು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಬಾಗಿಲು ತೆರೆಯದೆ ಹೋದ ಸುದ್ದಿಗಳನ್ನು ನೀವೂ ಪತ್ರಿಕೆಗಳಲ್ಲಿ ಓದಿದ್ದೀರಿ. ನಿಮ್ಮ ಮನೆಯಲ್ಲಿ ನೀರಿನ ಹರಿವು ಸರಿಯಿಲ್ಲ ಎಂಬ ಸಣ್ಣ ದೂರನ್ನು ಕಡೆಗಣಿಸಿದರೆ ಅದು ಈ ದಾರಿ ಹಿಡಿಯಬಹುದು. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಕೂಡದು ಎಂದು ಕರಾರಿನಲ್ಲೇ ಬರೆಯಿರಿ. ಬರೆಯುವುದರ ಜೊತೆಗೆ, ಅದು ಬೇಡವಾಗುವಂಥ ವ್ಯವಸ್ಥೆಯನ್ನೂ ಮಾಡಿಕೊಡಿ.

ಆ ವ್ಯವಸ್ಥೆ ದುಬಾರಿಯೇನಲ್ಲ. ಅಡುಗೆಮನೆಯ ಸಿಂಕಿಗೆ, ಬಕೆಟ್ ಸ್ನಾನಕ್ಕೆ ಇನ್‌ಸ್ಟಂಟ್ ಗೀಸರ್ ಸಾಕು. ಕೊಳ್ಳುವಾಗ ಐಎಸ್ 8978 ಗುರುತು ನೋಡಿ. ಶವರ್ ಇರುವ ಬಚ್ಚಲಿಗೆ, ಮುಖ್ಯವಾಗಿ ಮಕ್ಕಳಿರುವ ಸಂಸಾರಕ್ಕೆ, 15 ಲೀಟರ್ ಅಥವಾ 25 ಲೀಟರಿನ ಸ್ಟೋರೇಜ್ ಗೀಸರ್ ಹಾಕಿಸಿ. 15 ಲೀಟರಿನದು 2 ಕಿಲೋವಾಟಿನಲ್ಲೇ ಇಪ್ಪತ್ತು ಇಪ್ಪತ್ತೆರಡು ನಿಮಿಷಕ್ಕೆ 60 ಡಿಗ್ರಿಗೆ ಕಾದು, ತಣ್ಣೀರು ಬೆರೆಸಿದಾಗ ಸುಮಾರು 30 ಲೀಟರ್ ಸ್ನಾನದ ನೀರಾಗುತ್ತದೆ. ಎಳೆಯುವ ವಿದ್ಯುತ್ ಒಂಬತ್ತು ಆಂಪಿಯರಿಗೂ ಕಡಿಮೆ, ಆದ್ದರಿಂದ ಹಳೆಯ ವೈರಿಂಗಿಗೂ ಹೊರೆ ಹಗುರ. ಕಾದ ನೀರು ಒಳಗೇ ಇರುವುದರಿಂದ ನಲ್ಲಿಯನ್ನು ಎಷ್ಟು ತೆರೆದರೂ ಬಿಸಿ ಒಮ್ಮೆಲೇ ಇಳಿಯುವುದಿಲ್ಲ. ಒತ್ತಡದ ಪಂಪ್ ಬೇಕೇಬೇಕು ಅನಿಸಿದರೆ ಇಡೀ ಕಟ್ಟಡಕ್ಕೆ ಬೇಡ, ಕಡೆಯ ಮಹಡಿಯ ಲೈನಿಗೆ ಮಾತ್ರ ಹಾಕಿಸಿ, ಟ್ಯಾಂಕ್ ಖಾಲಿಯಾದಾಗ ತಾನೇ ನಿಲ್ಲುವಂಥದ್ದನ್ನು ಆರಿಸಿ. ಹೊಸ ಮನೆ ಕಟ್ಟಿಸುತ್ತಿದ್ದರೆ ಟ್ಯಾಂಕ್ ಹೆಡ್‌ರೂಮಿನ ಮೇಲಿರಲಿ, ಇಳಿಯುವ ಪೈಪ್ ಒಂದು ಇಂಚು ಅಥವಾ ಅದಕ್ಕಿಂತ ದೊಡ್ಡದಿರಲಿ, ಬಚ್ಚಲಿನವರೆಗೆ ಮುಕ್ಕಾಲು ಇಂಚು ಬರಲಿ, ಗೀಸರಿನ ಎದುರು ಮಾತ್ರ ಅರ್ಧ ಇಂಚಾಗಲಿ.

ಮಾಲೀಕರೇ, ಮುಂದಿನ ದೂರು ಬಂದ ದಿನ ಎಲೆಕ್ಟ್ರೀಷಿಯನ್‌ಗೆ ಫೋನ್ ಮಾಡುವ ಮುಂಚೆ ಬಾಡಿಗೆದಾರರನ್ನು ಒಂದೇ ಪ್ರಶ್ನೆ ಕೇಳಿ: ‘ತಣ್ಣೀರು ಹೇಗೆ ಬರ್ತಿದೆ?’ ಸಾಧ್ಯವಾದರೆ ಬೆಳಗ್ಗೆ ಏಳು ಗಂಟೆಗೆ, ಇಡೀ ಕಟ್ಟಡ ನೀರು ಬಳಸುವ ಹೊತ್ತಿನಲ್ಲಿ, ಅವರ ಅನುಮತಿ ಪಡೆದು ಕಡೆಯ ಮಹಡಿಗೆ ನೀವೇ ಹೋಗಿ ಎರಡೂ ನಲ್ಲಿಗಳಿಗೆ ಬಕೆಟ್ ಇಟ್ಟು ನೋಡಿ. ಅಲ್ಲಿ ಕಂಡದ್ದರ ಮೇಲೆ ರಿಪೇರಿ ಮಾಡಿಸಿ. ಚಳಿಗಾಲಕ್ಕೆ ಮುಂಚೆಯೇ ಈ ಕೆಲಸ ಆಗಲಿ ಎಂದು ಎಲ್ಲ ಬಾಡಿಗೆದಾರರ ಪರವಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬಾಡಿಗೆ ಮನೆಯ ನಿವಾಸಿ
ಬೆಂಗಳೂರು